ನೋಟಿನ ಗುರುತುಗಳೂ ಬೆಳಕಿನ ನಿಯಮಗಳೂ

ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ ಮುಸುಕಿನ ಜೋಳ ಮಾರಿದ ರೈತನೊಬ್ಬನ ಕೈಗೆ ಐನೂರು ರೂಪಾಯಿಯ ಖೋಟಾ ನೋಟೊಂದು ಬಂದಿತೆನ್ನೋಣ. ಬ್ಯಾಂಕಿಗೆ ಕಟ್ಟಲು ಹೋದರೆ ಅಲ್ಲಿ ಅದರ ಮೇಲೆ ಮುದ್ರೆಯೊತ್ತಿ ವಶಪಡಿಸಿಕೊಳ್ಳುತ್ತಾರೆ. ರಸೀತಿ ದೊರೆಯುತ್ತದೆಯೇ ಹೊರತು ಬದಲಿ ಹಣ ದೊರೆಯುವುದಿಲ್ಲ. ನೋಟು ಎಷ್ಟು ಕೈ ದಾಟಿ ಬಂದಿದ್ದರೂ ನಷ್ಟವೆಲ್ಲ ಕೊನೆಯ ಕೈಗೆ. ಆದುದರಿಂದ ನೋಟನ್ನು ಪಡೆಯುವ ಕ್ಷಣದಲ್ಲಿಯೇ, ಯಾವ ಉಪಕರಣದ ನೆರವೂ ಇಲ್ಲದೆ, ಅದನ್ನು ಪರೀಕ್ಷಿಸಲು ಸಾಧ್ಯವಾಗಬೇಕು. ನೋಟಿನ ಮೇಲಿನ ಗೆರೆ ಬಣ್ಣಗಳಲ್ಲಿ ಹಲವು ಕೇವಲ ಅಲಂಕಾರವಲ್ಲ. ಈ ಪರೀಕ್ಷೆಗೆಂದೇ ಇರುವಂಥವು.

ಈ ಸಮಸ್ಯೆ ಹೊಸದಲ್ಲ. ಒಡೆಯರಪಾಳ್ಯದ ಬಳಿ ೧೯೭೦ರ ದಶಕದಲ್ಲಿ ಧೊಂಡೆನ್‌ಲಿಂಗ್ ಎಂಬ ಟಿಬೆಟನ್ನರ ನೆಲೆ ಸ್ಥಾಪಿತವಾಯಿತು. ಅಲ್ಲಿಗೆ ಬಂದ ಹಿರಿಯರ ನಾಡಿನಲ್ಲಿ ೧೯೫೯ರವರೆಗೆ ಅವರದೇ ಆದ ನೋಟುಗಳು ಚಲಾವಣೆಯಲ್ಲಿದ್ದವು. ನೂರು ಸ್ರಾಂಗ್ ಬೆಲೆಯ ನೋಟನ್ನು ಎರಡು ಹಾಳೆಗಳನ್ನು ಅಂಟಿಸಿ ಮಾಡುತ್ತಿದ್ದರು. ಹಾಳೆಗಳ ನಡುವೆ ಅಡಗಿಸಿದ ಅಕ್ಷರಗಳ ಸಾಲು ಬೆಳಕಿಗೆ ಹಿಡಿದಾಗ ಕಾಣುತ್ತಿತ್ತು. ಕ್ರಮಾಂಕವನ್ನು ಅಚ್ಚುಹಾಕದೆ, ಅದಕ್ಕೆಂದೇ ತರಬೇತಿ ಪಡೆದ ಲಿಪಿಕಾರರು ಕೈಯಿಂದಲೇ ಬರೆಯುತ್ತಿದ್ದರು. ನಕಲು ಮಾಡುವವನಿಗೆ ಚಿತ್ರ ಸುಲಭ, ನುರಿತ ಕೈ ಕಷ್ಟ ಎಂಬುದೇ ಇದರ ತತ್ತ್ವ.

ಇಂದು ಆ ನುರಿತ ಕೈಯ ಸ್ಥಾನದಲ್ಲಿ ಭೌತವಿಜ್ಞಾನವಿದೆ. ನಮ್ಮ ಮೈಸೂರಿನಲ್ಲಿ ೧೯೯೬ರಿಂದ ನೋಟುಗಳು ಅಚ್ಚಾಗುತ್ತಿವೆ. ನೋಟಿನ ಕಾಗದದ ಗಿರಣಿಯೂ ಅಲ್ಲಿದೆ. ಶಾಯಿಯನ್ನು ತಯಾರಿಸುವ ‘ವರ್ಣಿಕಾ’ ಕಾರ್ಖಾನೆ ೨೦೨೨ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿರುವ ಹಂಪೆಯ ಕಲ್ಲಿನ ರಥದ ಚಿತ್ರವನ್ನು ಸ್ಕ್ಯಾನರು ಸುಲಭವಾಗಿ ನಕಲು ಮಾಡೀತು. ಆದರೆ ಅದು ನೋಟನ್ನು ನೋಡುವುದು ಒಂದೇ ಕೋನದಿಂದ, ಮೇಲ್ಮೈಯಿಂದ ಮರಳಿದ ಬೆಳಕಿನಲ್ಲಿ ಮಾತ್ರ. ಈ ಮಿತಿಯೇ ನಮಗೆ ರಕ್ಷೆ. ಐನೂರರ ನೋಟೊಂದನ್ನು ಕೈಗೆತ್ತಿಕೊಂಡು ಮೂರು ವಿಧವಾಗಿ ಪರೀಕ್ಷಿಸೋಣ.

ಬೆಳಕಿಗೆ ಹಿಡಿದಾಗ

ನೋಟಿನ ಖಾಲಿ ಭಾಗವನ್ನು ಬೆಳಕಿಗೆ ಹಿಡಿದರೆ ಗಾಂಧೀಜಿಯವರ ಮುಖವೂ ೫೦೦ ಎಂಬ ಅಂಕೆಯೂ ಕಾಣುತ್ತವೆ. ಇವನ್ನು ಶಾಯಿಯಿಂದ ಬರೆದಿಲ್ಲ. ಹತ್ತಿಯ ನಾರಿನ ಕಾಗದ ಇನ್ನೂ ಹಸಿಯಾಗಿರುವಾಗಲೇ ನಾರು ಕೆಲವೆಡೆ ದಟ್ಟವಾಗಿಯೂ ಕೆಲವೆಡೆ ತೆಳುವಾಗಿಯೂ ಕೂಡುವಂತೆ ಮಾಡಿರುತ್ತಾರೆ. ದಟ್ಟವಾದೆಡೆ ಬೆಳಕು ಕಡಮೆ ಹಾಯುತ್ತದೆ, ತೆಳುವಾದೆಡೆ ಹೆಚ್ಚು. ಇದೇ ವಾಟರ್‌ಮಾರ್ಕ್, ಅಂದರೆ ನೀರ್ಗುರುತು. ಮುಖದ ನೆರಳು ಬೆಳಕುಗಳು ಒಂದರೊಳಗೊಂದು ಮೆಲ್ಲನೆ ಬೆರೆಯುತ್ತವೆ. ಬಿಡಿಬಿಡಿಯಾಗಿ ಕಾಣುವ ಭದ್ರತಾ ಎಳೆಯೂ ಬೆಳಕಿಗೆ ಹಿಡಿದಾಗ ಅಖಂಡವಾದ ಒಂದೇ ಗೆರೆಯಾಗುತ್ತದೆ. ಅದು ಕಾಗದದೊಳಗೇ ಹುದುಗಿರುವುದೇ ಇದಕ್ಕೆ ಕಾರಣ.

ಓರೆ ಮಾಡಿದಾಗ

ಈಗ ನೋಟನ್ನು ಓರೆ ಮಾಡಿ. ಹಸುರಾಗಿದ್ದ ಎಳೆ ನೀಲಿಯಾಗುತ್ತದೆ; ಬಲಗಡೆ ಕೆಳಗಿರುವ ೫೦೦ರ ಅಂಕೆಯೂ ಹಾಗೆಯೇ. ಸಾಬೂನಿನ ಗುಳ್ಳೆಯ ಮೇಲೆ, ಮಳೆಯಲ್ಲಿ ನೆನೆದ ರಸ್ತೆಯ ಎಣ್ಣೆಯ ಮೇಲೆ ಕಾಣುವ ಬಣ್ಣಗಳ ತತ್ತ್ವವೇ ಇಲ್ಲಿಯೂ ಇದೆ. ಅತಿ ತೆಳುವಾದ ಪದರದ ಮೇಲ್ಭಾಗದಿಂದ ಮರಳುವ ಅಲೆಯೂ ಕೆಳಭಾಗದಿಂದ ಮರಳುವ ಅಲೆಯೂ ಕೂಡಿದಾಗ ಒಂದು ಬಣ್ಣ ಬಲಗೊಳ್ಳುತ್ತದೆ, ಉಳಿದವು ಕುಂದುತ್ತವೆ. ಇದಕ್ಕೆ ವ್ಯತಿಕರಣವೆಂದು ಹೆಸರು.

ಆದರೆ ಹಸುರು ಕೆಂಪಾಗದೆ ನೀಲಿಯೇ ಏಕಾಗಬೇಕು? ಎರಡು ಅಲೆಗಳ ಹಾದಿಯ ಅಂತರವು ಪದರದ ದಪ್ಪ, ವಕ್ರೀಭವನಾಂಕ ಮತ್ತು ಪದರದೊಳಗೆ ಕಿರಣವು ಲಂಬದೊಡನೆ ಮಾಡುವ ಕೋನದ ಕೊಸೈನ್, ಇವುಗಳ ಗುಣಲಬ್ಧದ ಎರಡರಷ್ಟು. ನೋಟು ಓರೆಯಾದಂತೆ ಕೋನ ಹೆಚ್ಚುತ್ತದೆ, ಕೊಸೈನ್ ಕಡಮೆಯಾಗುತ್ತದೆ. ಬಲಗೊಳ್ಳುವ ಬೆಳಕಿನ ತರಂಗದೂರವೂ ಕಡಮೆಯಾಗುತ್ತದೆ. ಹಸುರಿನ ತರಂಗದೂರ ಸುಮಾರು ೫೩೦ ನ್ಯಾನೊಮೀಟರು. ನೀಲಿಯದು ಸುಮಾರು ೪೭೦. ಸಾಧಾರಣ ಶಾಯಿಯಿಂದ ಅಚ್ಚಾದ ಹಸುರು ಯಾವ ಕೋನದಿಂದ ನೋಡಿದರೂ ಹಸುರೇ.

ಮುಟ್ಟಿದಾಗ

ಲೋಹದ ಫಲಕದಲ್ಲಿ ಚಿತ್ರವನ್ನು ಕೊರೆದು, ಆ ತಗ್ಗುಗಳಲ್ಲಿ ಶಾಯಿ ತುಂಬಿ, ಕಾಗದವನ್ನು ಭಾರಿ ಒತ್ತಡದಿಂದ ಅದುಮಿದರೆ ಶಾಯಿ ಕಾಗದದ ಮೇಲೆ ಉಬ್ಬಿ ನಿಲ್ಲುತ್ತದೆ. ಗಾಂಧೀಜಿಯವರ ಚಿತ್ರವೂ ಅಂಚಿನ ಓರೆಗೆರೆಗಳೂ ಬೆರಳಿಗೆ ತಾಕುವುದು ಇದರಿಂದಲೇ. ಐನೂರರ ನೋಟಿಗೆ ಎರಡೂ ಅಂಚುಗಳಲ್ಲಿ ಐದೈದು ಗೆರೆ, ನೂರರ ನೋಟಿಗೆ ನಾಲ್ಕು ನಾಲ್ಕು. ಕಣ್ಣು ಕಾಣದವರು ಇವನ್ನು ಮುಟ್ಟಿಯೇ ಬೆಲೆಯನ್ನು ಅರಿಯಬಲ್ಲರು.

ಬ್ಯಾಂಕುಗಳಲ್ಲಿ ನೇರಿಳಾತೀತ ದೀಪದ ನಾಲ್ಕನೆಯ ಪರೀಕ್ಷೆಯೂ ಉಂಟು. ಬಿಳುಪಿನ ರಾಸಾಯನಿಕ ಬೆರೆತ ಮಾಮೂಲಿ ಕಾಗದ ಆ ಕಿರಣಗಳನ್ನು ಹೀರಿ ನೀಲಿಯಾಗಿ ಹೊಳೆಯುತ್ತದೆ. ನೋಟಿನ ಕಾಗದ ಮಂಕಾಗಿಯೇ ಉಳಿದು, ಅದರ ಕ್ರಮಾಂಕಗಳು ಬೆಳಗುತ್ತವೆ.

ಒಂದೇ ಗುರುತನ್ನು ನಂಬಬಾರದು. ನೋಟು ಹಳೆಯದಾದಂತೆ ಉಬ್ಬು ಸವೆಯುತ್ತದೆ. ಖೋಟಾ ನೋಟಿನಲ್ಲಿಯೂ ಯಾವುದೋ ಒಂದು ಲಕ್ಷಣ ಚೆನ್ನಾಗಿ ಮೂಡಿರಬಹುದು. ಎಲ್ಲವನ್ನೂ ಒಟ್ಟಿಗೆ ಅನುಕರಿಸುವುದೇ ದುಸ್ಸಾಧ್ಯ. ಖೋಟಾ ಎಂದು ತಿಳಿದ ಮೇಲೆ ಮತ್ತೊಬ್ಬರಿಗೆ ದಾಟಿಸುವುದು ಶಿಕ್ಷಾರ್ಹ ಅಪರಾಧ. ಆದ್ದರಿಂದ ಪರೀಕ್ಷೆ ನಡೆಯಬೇಕಾದುದು ಪಡೆಯುವಾಗಲೇ. ವಿದ್ಯಾರ್ಥಿಗಳು ಈ ಮೂರು ಪರೀಕ್ಷೆಗಳನ್ನು ತಾವು ಮಾಡಿ ನೋಡಿ, ಸಂತೆಗೆ ಹೋಗುವ ಮನೆಯ ಹಿರಿಯರಿಗೂ ತೋರಿಸಿಕೊಡಬೇಕು. ಕೊಟ್ಟವರ ಎದುರಿಗೇ ನೋಟನ್ನು ಬೆಳಕಿಗೆ ಹಿಡಿದು ನೋಡುವುದು ಅವರಿಗೆ ಅವಮಾನವಲ್ಲ. ನೋಟನ್ನು ರೂಪಿಸಿರುವುದೇ ಹಾಗೆ ನೋಡಲೆಂದು.