ಸೇನೆಯ ಲಾಂಛನಗಳು

ಭೀಷ್ಮನ ಧ್ವಜದಲ್ಲಿ ತಾಳೆಮರ, ಅರ್ಜುನನದರಲ್ಲಿ ಕಪಿ, ದುರ್ಯೋಧನನದರಲ್ಲಿ ಸರ್ಪ. ಈ ಕಾರಣದಿಂದಲೇ ನಮ್ಮ ಕವಿಗಳು ಕೌರವನನ್ನು ಫಣಿಕೇತನನೆಂದು ಕರೆದರು. ರಣರಂಗದ ಧೂಳಿನಲ್ಲಿ ಮುಖ ಕಾಣದು. ತನ್ನವರು ಎಲ್ಲಿರುವರೆಂಬುದನ್ನು ಯೋಧನು ಧ್ವಜವನ್ನು ನೋಡಿಯೇ ಅರಿಯಬೇಕಾಗಿತ್ತು. ಇಂದಿನ ಸೈನಿಕನ ಟೋಪಿಯ ಮೇಲಿರುವ ಲೋಹದ ಬಿಲ್ಲೆಯೂ ಆ ಧ್ವಜದ ವಂಶದ್ದೇ. ಆದರೆ ಅದು ಗುರುತಿಗಿಂತ ಹೆಚ್ಚಾಗಿ ನೆನಪನ್ನು ಹೊತ್ತಿರುತ್ತದೆ.

ಇದಕ್ಕೆ ಕನ್ನಡಿಗರಾದ ನಮಗೆ ಹತ್ತಿರದ ಉದಾಹರಣೆ ಗಂಡಭೇರುಂಡ. ಎರಡು ತಲೆಗಳ ಈ ಹಕ್ಕಿ ಯಾವ ಕಾಡಿನಲ್ಲಿಯೂ ಇಲ್ಲ. 1047ರಲ್ಲಿ ಬಳ್ಳಿಗಾವೆಯಲ್ಲಿ ಅದನ್ನು ಕಂಬದ ಮೇಲೆ ಸ್ಥಾಪಿಸಿದರು. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯಗಳಲ್ಲಿ ಅದು ಕೊಕ್ಕುಗಳಲ್ಲಿಯೂ ಕಾಲುಗಳಲ್ಲಿಯೂ ಆನೆಗಳನ್ನು ಹಿಡಿದಿದೆ. ಬಲಕ್ಕೆ ಆನೆಯೇ ಉಪಮಾನವಾಗಿರುವ ನಾಡಿನಲ್ಲಿ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. (ಮದ್ರಾಸ್ ರೆಜಿಮೆಂಟಿನವರ ಲಾಂಛನವೇ ಆನೆ, ಅವರೆದುರು ಈ ಮಾತನ್ನು ಎತ್ತದಿರುವುದು ಲೇಸು!) ಮುಂದೆ ಮೈಸೂರಿನ ಒಡೆಯರು ಅದನ್ನು ರಾಜಲಾಂಛನವಾಗಿ ಧರಿಸಿದರು, ಅವರ ಸೈನ್ಯವೂ ಧರಿಸಿತು.

ದೆಹಲಿಯ ತೀನ್ ಮೂರ್ತಿ ಚೌಕವನ್ನು ನಾವೆಲ್ಲರೂ ಕಂಡಿದ್ದೇವೆ. ಅಲ್ಲಿನ ಮೂವರು ಕಂಚಿನ ಯೋಧರು ಜೋಧಪುರ, ಮೈಸೂರು, ಹೈದರಾಬಾದು ಸಂಸ್ಥಾನಗಳ ಅಶ್ವಸೈನಿಕರ ಪ್ರತೀಕಗಳು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣಕ್ಕಾಗಿ ಕಾಳಗ ನಡೆಯಿತು. ಜೋಧಪುರದವರು ಪಟ್ಟಣದತ್ತ ನುಗ್ಗಿದರು. ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟದ ತೋಪುಗಳತ್ತ ಏರಿದರು. ಎದುರಿಗೆ ಯಂತ್ರದ ಬಂದೂಕುಗಳು, ಇವರ ಕೈಯಲ್ಲಿ ಭರ್ಜಿ. ತುರ್ಕರೊಡನೆ ಮೈಸೂರಿನವರಿಗೆ ಯಾವ ವೈರವಿತ್ತು? ಯುದ್ಧ ಬ್ರಿಟಿಷರದಾಗಿತ್ತು, ಲಾಂಛನದ ಹಕ್ಕಿ ಮಾತ್ರ ತಮ್ಮ ನಾಡಿನದು. ಆ ವೀರರನ್ನು ಹೊಗಳುವಾಗ ಈ ಸಂಕಟವನ್ನು ಮರೆಯುವುದು ನ್ಯಾಯವಲ್ಲವೆಂದು ನಮಗೆ ತೋರುತ್ತದೆ.

1950ರಲ್ಲಿ ಭಾರತ ಗಣರಾಜ್ಯವಾದಾಗ ಸೇನೆಯ ಲಾಂಛನಗಳಿಂದ ಬ್ರಿಟಿಷ್ ಕಿರೀಟವನ್ನು ತೆಗೆದು ಅಶೋಕನ ಸಿಂಹಗಳನ್ನು ಇಟ್ಟರು. ಮೇಜರನ ಭುಜದ ಮೇಲೆ ಕಿರೀಟವಿದ್ದ ಸ್ಥಳದಲ್ಲಿ ಈಗ ಆ ಸಿಂಹಗಳೇ ಇವೆ. ಸಂಸ್ಥಾನಗಳೂ ಹೋದವು. 1953ರಲ್ಲಿ ಅವುಗಳ ಅಶ್ವಪಡೆಗಳನ್ನು ಕೂಡಿಸಿ ರಚಿಸಿದ ದಳವೇ 61ನೆಯ ಕ್ಯಾವಲ್ರಿ. ಅದು ಗಂಡಭೇರುಂಡವನ್ನು ಉಳಿಸಿಕೊಂಡಿತು. ಕಿರೀಟ ಹೋಗಿ ಹಕ್ಕಿ ಉಳಿದುದೇಕೆ? ಕಿರೀಟವು ಆಳಿದವರ ಗುರುತು. ಹಕ್ಕಿಯಾದರೋ, ಅದನ್ನು ಧರಿಸಿ ಮಡಿದವರ ಗುರುತೂ ಆಗಿತ್ತು.

ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಈ ದಳದ ಕುದುರೆಗಳು ಸಾಗುವಾಗ ನಮ್ಮ ಕಣ್ಣು ಸಹಜವಾಗಿ ಸವಾರರ ರುಮಾಲುಗಳತ್ತ ಹೋಗುತ್ತದೆ. ಬಿಲ್ಲೆಯಲ್ಲಿರುವ ಹಕ್ಕಿ ತೀರ ಚಿಕ್ಕದು. ನಾವು ಕುಳಿತ ದೂರಕ್ಕೆ ಅದು ಕಾಣಿಸುವುದೇ ಇಲ್ಲ.