ಲಾಂಗ್ ಪಿಂಗ್: ಆಟಗಾರ್ತಿಯಾಗಿಯೂ ಕೋಚ್ ಆಗಿಯೂ ಒಲಿಂಪಿಕ್ ಚಿನ್ನ

ಚೀನಾದ ವಾಲಿಬಾಲ್ ತಾರೆ. ಜನನ: 1960, ತ್ಯಾಂಜಿನ್. ಬಿರುಸಿನ ಸ್ಮ್ಯಾಶ್‌ಗಳಿಂದಾಗಿ 'ಕಬ್ಬಿಣದ ಸುತ್ತಿಗೆ' ಎಂದೇ ಹೆಸರುವಾಸಿ.

ಆಟಗಾರ್ತಿಯಾಗಿ: 1981ರ ವಿಶ್ವಕಪ್, 1982ರಲ್ಲಿ ಪೆರುವಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್, 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್ ಮತ್ತು 1985ರ ವಿಶ್ವಕಪ್ ಗೆದ್ದ ತಂಡಗಳಲ್ಲಿದ್ದರು. ವಿಶ್ವಕಪ್ ಮತ್ತು ವಿಶ್ವ ಚಾಂಪಿಯನ್‌ಷಿಪ್ ಬೇರೆ ಬೇರೆ ಟೂರ್ನಿಗಳು. ಪರೀಕ್ಷೆಗಳಲ್ಲಿ ಅಭ್ಯರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲೇ.

ಕೋಚ್ ಆಗಿ ಅವರ ಬದುಕು ಇನ್ನೂ ಸ್ವಾರಸ್ಯಕರ. 1996ರ ಅಟ್ಲಾಂಟಾದಲ್ಲಿ ಅವರ ತರಬೇತಿಯಲ್ಲಿದ್ದ ಚೀನಾ ಫೈನಲ್‌ನಲ್ಲಿ ಕ್ಯೂಬಾಕ್ಕೆ ಸೋತು ಬೆಳ್ಳಿ ಪಡೆಯಿತು. 2008ರ ಬೀಜಿಂಗ್‌ನಲ್ಲಿ ಅವರು ಅಮೆರಿಕ ತಂಡದ ಕೋಚ್. 1984ರ ಫೈನಲ್‌ನಲ್ಲಿ ತಾವೇ ಸೋಲಿಸಿದ್ದ ದೇಶವದು! ಗುಂಪು ಹಂತದಲ್ಲಿ ಅಮೆರಿಕ ಚೀನಾವನ್ನು ಅದರ ನೆಲದಲ್ಲೇ 3-2ರಿಂದ ಮಣಿಸಿತು. ಫೈನಲ್‌ನಲ್ಲಿ ಬ್ರೆಜಿಲ್‌ಗೆ ಸೋತು ಬೆಳ್ಳಿಗೆ ತೃಪ್ತಿಪಟ್ಟಿತು. 2013ರಲ್ಲಿ ಮತ್ತೆ ಚೀನಾ ತಂಡದ ಹೊಣೆ. 2015 ಮತ್ತು 2019ರ ವಿಶ್ವಕಪ್‌ಗಳು ಬಂದವು. 2016ರ ರಿಯೊದಲ್ಲಿ ಗುಂಪು ಹಂತದಲ್ಲಿ ಮೂರು ಪಂದ್ಯ ಸೋತಿದ್ದ ತಂಡ, ಕ್ವಾರ್ಟರ್ ಫೈನಲ್‌ನಲ್ಲಿ ಆತಿಥೇಯ ಬ್ರೆಜಿಲ್ ಅನ್ನು ಹೊರದಬ್ಬಿ, ಫೈನಲ್‌ನಲ್ಲಿ ಸರ್ಬಿಯಾವನ್ನು 3-1ರಿಂದ ಸೋಲಿಸಿ ಚಿನ್ನ ಗೆದ್ದಿತು.

ಪ್ರಶ್ನೆಗೆ ಒದಗುವ ಅಂಶ: ವಾಲಿಬಾಲ್‌ನಲ್ಲಿ ಆಟಗಾರರಾಗಿಯೂ ಮುಖ್ಯ ಕೋಚ್ ಆಗಿಯೂ ಒಲಿಂಪಿಕ್ ಚಿನ್ನ ಗಳಿಸಿದ ಮೊದಲಿಗರು ಇವರೇ. 2002ರಲ್ಲಿ ವಾಲಿಬಾಲ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆ.