ಆನೆಗೆ ಅಕ್ಕಾಡಿಯನ್ ಹೆಸರು

ಮೆಸೊಪೊಟೇಮಿಯದ ಅಕ್ಕಾಡಿಯನ್ ಭಾಷೆಯಲ್ಲಿ ಆನೆಗೆ ‘ಪೀರು’ ಅಥವಾ ‘ಪೀಲು’ ಎಂದು ಹೆಸರು. ದಂತಕ್ಕೆ ‘ಶಿನ್ನಿ ಪೀರಿ’, ಎಂದರೆ ಆನೆಯ ಹಲ್ಲು. ಈ ಪದವು ಬಂದುದೆಲ್ಲಿಂದ?

ಸಿಂಧೂ ಕಣಿವೆಯ ದಂತವು ಕ್ರಿ.ಪೂ. 3ನೆಯ ಸಹಸ್ರಮಾನದಲ್ಲಿ ಆ ನಾಡಿಗೆ ಹಡಗೇರಿ ಹೋಗುತ್ತಿತ್ತು. ಹಲ್ಲನ್ನು ಸೂಚಿಸುವ ದ್ರಾವಿಡ ಪದವೇ ಈ ಸರಕಿನೊಡನೆ ಸಾಗಿ ಆನೆಯ ಹೆಸರಾಯಿತೆಂದು ಬಹತಾ ಅಂಶುಮಾಲಿ ಮುಖೋಪಾಧ್ಯಾಯರು 2021ರಲ್ಲಿ ವಾದಿಸಿದರು. ಹಳಗನ್ನಡದ ‘ಪಲ್’ ಆ ಬಳ್ಳಿಯದೇ ಕುಡಿಯಾದುದರಿಂದ ಈ ಊಹೆಯು ನಮಗೆ ಪ್ರಿಯವಾದುದು ಸಹಜ. ಆದರೆ ಪ್ರಿಯವಾದುದೆಲ್ಲ ಪ್ರಮಾಣವಲ್ಲ. ‘ಪಲ್’ನ ಅಕಾರಕ್ಕೂ ‘ಪೀಲು’ವಿನ ಈಕಾರಕ್ಕೂ ಇರುವ ಅಂತರವನ್ನು ನಾವು ಮರೆಯಲಾಗದು. ಮೇಲಾಗಿ, ಸಿರಿಯಾದಲ್ಲಿಯೂ ಒಮ್ಮೆ ಕಾಡಾನೆಗಳಿದ್ದುವು; ಕ್ರಿ.ಪೂ. 15ನೆಯ ಶತಮಾನದಲ್ಲಿ ಈಜಿಪ್ಟಿನ ದೊರೆ ಮೂರನೆಯ ಥುಟ್ಮೋಸನು ಅಲ್ಲಿ 120 ಆನೆಗಳನ್ನು ಬೇಟೆಯಾಡಿದನೆಂದು ಅವನ ಅಧಿಕಾರಿಯೊಬ್ಬನ ಸಮಾಧಿಯ ಬರಹವು ಹೇಳುತ್ತದೆ. ನೆರೆಯಲ್ಲಿಯೇ ಇದ್ದ ಪ್ರಾಣಿಗೆ ಹೆಸರನ್ನು ಕಡಲಾಚೆಯಿಂದಲೇ ತರಬೇಕಾಗಿತ್ತೆ?